ಪಿಸಿಆರ್‌ನಲ್ಲಿ ಸಿಕ್ಕ ಹಿರೇಬೇನೆ ವೈರಸ್ ಲ್ಯಾಬ್‌ನಲ್ಲಿ ಯಾಕೆ ಬೆಳೆಯಲಿಲ್ಲ?

ಓದುಗರ ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕು. 120 ಕುರಿ, 15 ಮೇಕೆ ಇವೆ. ಸುಗ್ಗಿ ಮುಗಿದ ಮೇಲೆ ದಾವಣಗೆರೆ ಕಡೆಯ ಗದ್ದೆಗಳಲ್ಲಿ ಮಂದೆ ನಿಲ್ಲಿಸಿ ವಾಪಸ್ ಬಂದೆವು. ಬಂದ ವಾರಕ್ಕೇ ಹಿರೇಬೇನೆ ಶುರುವಾಯಿತು. ಜ್ವರ, ಸಿಂಬಳ, ಬಾಯಿ ಹುಣ್ಣು, ಭೇದಿ. 22 ಮರಿ ಸತ್ತವು. ಡಾಕ್ಟರು ಸ್ಯಾಂಪಲ್ ತೆಗೆದು ಕಳಿಸಿದ್ದರು. ರಿಪೋರ್ಟ್‌ನಲ್ಲಿ ಒಂದು ಕಡೆ 'ಪಿಪಿಆರ್: ಪಿಸಿಆರ್ ಪಾಸಿಟಿವ್' ಅಂತ ಇದೆ. ಅದರ ಕೆಳಗೇ 'ವೈರಸ್ ಐಸೊಲೇಷನ್: ಮೂರು ಪ್ಯಾಸೇಜ್ ನಂತರವೂ ನೆಗೆಟಿವ್' ಅಂತ ಇದೆ. ಯಾವುದನ್ನು ನಂಬಬೇಕು? ಬೆಂಗಳೂರಿನಲ್ಲಿ ಓದುವ ಮಗಳು, ಮೇಕೆಯ ಜೀನ್ ಸೇರಿಸಿದ ಹೊಸ ಜೀವಕೋಶಗಳಲ್ಲಿ ಈ ವೈರಸ್ ಬೇಗ ಬೆಳೆಯುತ್ತದೆ ಅಂತಾಳೆ. ಅದೇನು? ಅದರಿಂದ ಕುರಿಗಳಿಗೆ ಅಪಾಯ ಇಲ್ವಾ? ಉಳಿದ ಕುರಿಗಳಿಗೆ ಲಸಿಕೆ ಹಾಕಿಸಬಹುದಾ?

ಉತ್ತರ:

ಎರಡು ಸಾಲೂ ನಿಜ. ನಿಮ್ಮ ಮಂದೆಗೆ ಬಂದದ್ದು ಪಿಪಿಆರ್, ಅಂದರೆ ಹಿರೇಬೇನೆಯೇ. ಅದರಲ್ಲಿ ಅನುಮಾನ ಬೇಡ. ಎರಡನೇ ಸಾಲು ನಿಮ್ಮ ಕುರಿಗಳ ವಿಷಯ ಹೇಳುತ್ತಿಲ್ಲ. ಲ್ಯಾಬ್‌ಗೆ ತಲುಪಿದಾಗ ಸ್ಯಾಂಪಲ್ ಹೇಗಿತ್ತು, ಅದನ್ನು ಯಾವ ಜೀವಕೋಶಗಳ ಮೇಲೆ ಹಾಕಿದರು ಅನ್ನುವುದನ್ನು ಹೇಳುತ್ತಿದೆ. 22 ಮರಿ ಅಂದರೆ ಒಂದು ಮನೆಯ ವರ್ಷದ ದುಡಿಮೆ. ಅಷ್ಟು ಕಳೆದುಕೊಂಡ ಮೇಲೆ ಕೈಗೆ ಬಂದ ಕಾಗದದಲ್ಲಿ ಹೀಗೆ ಒಂದಕ್ಕೊಂದು ಹೊಂದದ ಎರಡು ಸಾಲು ಕಂಡರೆ ಯಾರಿಗಾದರೂ ಸಿಟ್ಟು ಬರುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಿಮ್ಮದು ಶೇಂಗಾ ಸೀಮೆ, ಅಲ್ವಾ? ಶೇಂಗಾ ಕಿತ್ತ ಹೊಲದಲ್ಲಿ ಸಿಪ್ಪೆ ಬಿದ್ದಿರುತ್ತದೆ. ಆ ಸಿಪ್ಪೆ ನೋಡಿದರೆ ಸಾಕು, ಇಲ್ಲಿ ಶೇಂಗಾ ಇತ್ತು ಅಂತ ಹೇಳಬಹುದು. ಪಿಸಿಆರ್ ಮಾಡುವುದು ಅದನ್ನೇ. ಪಿಪಿಆರ್ ವೈರಸ್‌ನ ಒಳಗೆ ಸುಮಾರು 16 ಸಾವಿರ ಅಕ್ಷರಗಳಷ್ಟು ಉದ್ದದ ಒಂದು ಆರ್‌ಎನ್‌ಎ ಎಳೆ ಇರುತ್ತದೆ. ಅದರ ಒಂದು ಸಣ್ಣ ತುಂಡು ಉಳಿದಿದ್ದರೂ ಪಿಸಿಆರ್ ಹುಡುಕಿ ತೆಗೆಯುತ್ತದೆ. ವೈರಸ್ ಬದುಕಿದೆಯೋ ಸತ್ತಿದೆಯೋ ಅದಕ್ಕೆ ಬೇಕಿಲ್ಲ. ಐಸೊಲೇಷನ್ ಅಂದರೆ ಬೀಜ ಬಿತ್ತಿ ಮೊಳಕೆ ಬರಿಸುವುದು. ಅದಕ್ಕೆ ಬೀಜದಲ್ಲಿ ಜೀವ ಇರಬೇಕು. ಜೊತೆಗೆ ಆ ಬೀಜಕ್ಕೆ ಒಗ್ಗುವ ನೆಲ ಬೇಕು. ನಿಮ್ಮ ಸ್ಯಾಂಪಲ್‌ನಲ್ಲಿ ಇವೆರಡರಲ್ಲಿ ಒಂದು ಕೈಕೊಟ್ಟಿದೆ, ಅಥವಾ ಎರಡೂ ಕೈಕೊಟ್ಟಿವೆ.

ಮಗಳು ಹೇಳಿದ್ದು ನೆಲದ ವಿಷಯ. ಮೊದಲು ಅದನ್ನೇ ನೋಡೋಣ.

ವೈರಸ್ ತಾನೇ ಎಲ್ಲೂ ಬೆಳೆಯುವುದಿಲ್ಲ. ಅದಕ್ಕೆ ಜೀವ ಇರುವ ಕೋಶ ಬೇಕು. ಹಾಗಂತ ಪ್ರತಿ ಸ್ಯಾಂಪಲ್‌ಗೂ ಒಂದು ಕುರಿಮರಿ ತಂದು ಅದಕ್ಕೆ ರೋಗ ಬರಿಸಲು ಆಗುತ್ತದೆಯೇ? ಅದಕ್ಕೇ ಲ್ಯಾಬ್‌ಗಳಲ್ಲಿ ಸೆಲ್ ಲೈನ್ ಇಟ್ಟಿರುತ್ತಾರೆ. ಯಾವುದೋ ಪ್ರಾಣಿಯ ಅಂಗದಿಂದ ಒಮ್ಮೆ ತೆಗೆದ ಜೀವಕೋಶಗಳನ್ನು ಪ್ಲಾಸ್ಟಿಕ್ ಫ್ಲಾಸ್ಕಿನಲ್ಲಿ ಪೋಷಕ ದ್ರವ ಹಾಕಿ 37 ಡಿಗ್ರಿಯಲ್ಲಿ ಬೆಳೆಸುತ್ತಾ ಹೋಗುವುದು. ತುಂಬಿದಾಗ ಬಿಡಿಸಿ ಬೇರೆ ಫ್ಲಾಸ್ಕಿಗೆ ಹಾಕುವುದು. ಮೊಸರಿಗೆ ಹೆಪ್ಪು ಎತ್ತಿಟ್ಟಂತೆ ಸ್ವಲ್ಪವನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಕಾಪಿಡುವುದು. ಜಗತ್ತಿನ ಲ್ಯಾಬ್‌ಗಳಲ್ಲಿ ತುಂಬಾ ಬಳಕೆಯಲ್ಲಿರುವುದು ವೀರೊ ಅನ್ನುವ ಸೆಲ್ ಲೈನ್. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾದ ಹಸಿರು ಕೋತಿಯ ಮೂತ್ರಪಿಂಡದಿಂದ ತೆಗೆದದ್ದು. ಅಂದಿನಿಂದ ಇಂದಿನವರೆಗೂ ಅದು ಬೆಳೆಯುತ್ತಲೇ ಇದೆ. ವೈರಸ್ ಬಂದಾಗ ಅಪಾಯದ ಗಂಟೆ ಬಾರಿಸುವ ಇಂಟರ್‌ಫೆರಾನ್ ಅನ್ನುವ ವಸ್ತುವನ್ನು ಈ ಕೋಶಗಳು ಮಾಡಲಾರವು. ಹಾಗಾಗಿ ಎಷ್ಟೋ ವೈರಸ್‌ಗಳು ವೀರೊದಲ್ಲಿ ಸಲೀಸಾಗಿ ಬೆಳೆಯುತ್ತವೆ.

ಆದರೆ ಹಿರೇಬೇನೆಯ ವೈರಸ್‌ಗೆ ವೀರೊದಲ್ಲಿ ಒಂದು ತೊಂದರೆ ಇದೆ. ಒಳಗೆ ಹೋಗಲು ಬಾಗಿಲೇ ಇಲ್ಲ.

ಈ ವೈರಸ್ ಕುರಿಯ ಮೈ ಸೇರಿದಾಗ ಮೊದಲು ಹಿಡಿಯುವುದು ಬಿಳಿ ರಕ್ತಕಣಗಳನ್ನು. ಅವುಗಳ ಮೈಮೇಲೆ ಸ್ಲ್ಯಾಮ್ ಅನ್ನುವ ಒಂದು ಪ್ರೋಟೀನ್ ಇರುತ್ತದೆ. ವೈರಸ್‌ನ ಮೈಮೇಲಿರುವ ಎಚ್ ಅನ್ನುವ ಪ್ರೋಟೀನ್ ಅದಕ್ಕೆ ಬೀಗಕ್ಕೆ ಕೀಲಿ ಕೂತ ಹಾಗೆ ಕೂರುತ್ತದೆ. ಮನುಷ್ಯರ ದಡಾರದ ವೈರಸ್‌ಗೂ ಇದೇ ಬಾಗಿಲು ಅಂತ ಜಪಾನಿನ ವಿಜ್ಞಾನಿಗಳು 2000ದಲ್ಲಿ ಕಂಡುಹಿಡಿದರು. ದಡಾರ, ಹಿರೇಬೇನೆ, ನಾಯಿಗಳ ಡಿಸ್ಟೆಂಪರ್, ಹಿಂದೆ ದನಗಳನ್ನು ಊರೂರೇ ಖಾಲಿ ಮಾಡಿದ ದೊಡ್ಡರೋಗ, ಎಲ್ಲ ಒಂದೇ ಮನೆತನದ ವೈರಸ್‌ಗಳು. ಬಿಳಿಕಣಗಳನ್ನೇ ಹಿಡಿಯುವುದರಿಂದ ಕುರಿಯ ಕಾವಲು ಶಕ್ತಿ ಕುಸಿಯುತ್ತದೆ. ನಿಮ್ಮ ಮರಿಗಳಲ್ಲಿ ಕೆಲವು ಕೊನೆಗೆ ಉಸಿರು ಎಳೆದು ಸತ್ತಿರಬೇಕು. ಅದು ಎಷ್ಟೋ ಸಲ ಹಿಂದಿನಿಂದ ನುಗ್ಗುವ ಬ್ಯಾಕ್ಟೀರಿಯಾದಿಂದ ಆಗುವ ನ್ಯುಮೋನಿಯಾ. ಮುಂದೆ ವೈರಸ್ ಬಾಯಿ, ಮೂಗು, ಕರುಳಿನ ಒಳಪದರಕ್ಕೆ ದಾಟುತ್ತದೆ. ಅಲ್ಲಿ ಅದು ಬಳಸುವುದು ನೆಕ್ಟಿನ್-4 ಅನ್ನುವ ಇನ್ನೊಂದು ಬಾಗಿಲು. ಬಾಯಿ ಹುಣ್ಣು, ಸಿಂಬಳ, ಭೇದಿ ಬರುವುದು ಆ ಹಂತದಲ್ಲಿ. ಅಂದರೆ ನಿಮಗೆ ರೋಗ ಕಣ್ಣಿಗೆ ಬೀಳುವ ಹೊತ್ತಿಗೆ ವೈರಸ್ ಒಳಗೆ ಕೆಲವು ದಿನ ಕೆಲಸ ಮಾಡಿ ಮುಗಿಸಿರುತ್ತದೆ. ಈ ಮಾತಿಗೆ ಆಮೇಲೆ ವಾಪಸ್ ಬರುತ್ತೇನೆ.

ವೀರೊ ಕೋಶದ ಮೇಲೆ ಸ್ಲ್ಯಾಮ್ ಇಲ್ಲ. ಕುರಿಯಿಂದ ನೇರವಾಗಿ ಬಂದ ವೈರಸ್ ಅಲ್ಲಿ ಗೋಡೆಗೆ ತಲೆ ಕೊಟ್ಟು ನಿಲ್ಲುತ್ತದೆ. ಲಕ್ಷದಲ್ಲಿ ಎಲ್ಲೋ ಒಂದೆರಡು ಹೇಗೋ ಒಳಗೆ ತೂರುತ್ತವೆ. ಅವುಗಳ ಸಂತಾನದಲ್ಲಿ ವೀರೊಗೆ ಒಗ್ಗಿಕೊಂಡವು ನಿಧಾನಕ್ಕೆ ಹೆಚ್ಚುತ್ತವೆ. ಹಾಗಾಗಿ ಐದಾರು ದಿನ ಕಾದು, ಏನೂ ಕಾಣದಿದ್ದರೂ ಆ ದ್ರವವನ್ನು ಹೊಸ ಫ್ಲಾಸ್ಕಿಗೆ ಹಾಕಬೇಕು. ಮತ್ತೆ ಕಾಯಬೇಕು, ಮತ್ತೆ ಹಾಕಬೇಕು. ನಿಮ್ಮ ರಿಪೋರ್ಟ್‌ನಲ್ಲಿ ಪ್ಯಾಸೇಜ್ ಅಂದಿರುವುದು ಇದನ್ನೇ. ಮೂರು ಸಲ ಹಾಕಿ ನೋಡಿದ್ದಾರೆ. ಏನೂ ಬೆಳೆಯಲಿಲ್ಲ. ಲ್ಯಾಬ್‌ನವರು ಸುಮ್ನೆ ಕೂತಿರಲಿಲ್ಲ, ಎರಡು ಮೂರು ವಾರ ದುಡಿದಿದ್ದಾರೆ.

ಈಗ ಮಗಳು ಹೇಳಿದ ಕೋಶಗಳು. ಉಪಾಯ ತುಂಬಾ ಸರಳ: ಬಾಗಿಲು ಇಲ್ಲದ ಮನೆಗೆ ಬಾಗಿಲು ಇಡುವುದು. ಮೇಕೆಯ ರಕ್ತದಿಂದ ಬಿಳಿಕಣ ತೆಗೆಯುತ್ತಾರೆ. ಅದರಲ್ಲಿ ಸ್ಲ್ಯಾಮ್ ಪ್ರೋಟೀನ್ ಮಾಡುವ ಜೀನ್‌ನ ಪ್ರತಿ ಎತ್ತುತ್ತಾರೆ. ಅದನ್ನು ಪ್ಲಾಸ್ಮಿಡ್ ಅನ್ನುವ ಸಣ್ಣ ಡಿಎನ್‌ಎ ಬಳೆಗೆ ಸೇರಿಸಿ ಕೋತಿಯ ಕೋಶಗಳ ಒಳಗೆ ಬಿಡುತ್ತಾರೆ. ಎಲ್ಲ ಕೋಶಗಳೂ ಅದನ್ನು ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಆ ಬಳೆಯಲ್ಲೇ ಒಂದು ಔಷಧವನ್ನು ತಡೆದುಕೊಳ್ಳುವ ಜೀನ್ ಕೂಡ ಇಟ್ಟಿರುತ್ತಾರೆ. ಆಮೇಲೆ ಫ್ಲಾಸ್ಕಿಗೆ ಆ ಔಷಧ ಹಾಕಿದರೆ ಬಳೆ ಸಿಗದ ಕೋಶಗಳು ಸಾಯುತ್ತವೆ, ಸಿಕ್ಕವು ಉಳಿಯುತ್ತವೆ. ಉಳಿದವನ್ನು ಒಂದೊಂದೇ ಕೋಶವಾಗಿ 96 ಗುಳಿಗಳಿರುವ ತಟ್ಟೆಗೆ ಹಂಚುತ್ತಾರೆ. ಒಂದೊಂದು ಗುಳಿಯ ಕೋಶವೂ ಬೆಳೆದು ಒಂದೊಂದು ವಂಶವಾಗುತ್ತದೆ. ಯಾವ ವಂಶದ ಮೈಮೇಲೆ ಸ್ಲ್ಯಾಮ್ ಚೆನ್ನಾಗಿ ಮೂಡಿದೆ, ಯಾವುದರಲ್ಲಿ ವೈರಸ್ ಬೇಗ ಬೆಳೆಯುತ್ತದೆ ಅಂತ ಪರೀಕ್ಷೆ ಮಾಡಿ ಒಂದನ್ನು ಆರಿಸುತ್ತಾರೆ. ಒಳ್ಳೆ ಟಗರು ಆರಿಸಿ ತಳಿ ಉಳಿಸಿಕೊಳ್ಳುವವರಿಗೆ ಈ ಕೆಲಸ ಹೊಸದೇನಲ್ಲ.

ಹಿರೇಬೇನೆಗೆ ಹೀಗೆ ಮಾಡಿದ ಹೆಸರಾದ ಸೆಲ್ ಲೈನ್ ಸಿಎಚ್‌ಎಸ್-20. ಸಿವಿ-1 ಅನ್ನುವ ಕೋತಿ ಕೋಶಗಳಿಗೆ ಮೇಕೆಯ ಸ್ಲ್ಯಾಮ್ ಸೇರಿಸಿ ಮಾಡಿದ್ದು. 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ರೋಗದ ಸ್ಯಾಂಪಲ್‌ನಿಂದ ನೇರವಾಗಿ, ಮೊದಲ ಸಲಕ್ಕೇ, ಒಂದು ವಾರದ ಒಳಗೆ ವೈರಸ್ ಬೆಳೆದು ಕಾಣುತ್ತದೆ. ವೀರೊಗೆ ನಾಯಿಯ ಸ್ಲ್ಯಾಮ್ ಸೇರಿಸಿದ ಕೋಶಗಳೂ ಬಳಕೆಯಲ್ಲಿವೆ. ನಾಯಿಗಳ ಡಿಸ್ಟೆಂಪರ್‌ಗೆ ಅಂತ ಮಾಡಿದ್ದು ಕುರಿಯ ವೈರಸ್‌ಗೂ ಆಗಿ ಬಂತು. ಮನೆತನ ಒಂದೇ ಅಂದೆನಲ್ಲ, ಬಾಗಿಲುಗಳೂ ಸಾಕಷ್ಟು ಹೋಲುತ್ತವೆ.

ಇದು ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನಾನು ಮೊದಲ ಸಲ ಸ್ಲ್ಯಾಮ್ ಇರುವ ಕೋಶಗಳಲ್ಲಿ ಕೆಲಸ ಮಾಡಿದಾಗ ಒಂದೇ ಸ್ಯಾಂಪಲ್ ಅನ್ನು ಎರಡು ಫ್ಲಾಸ್ಕಿಗೆ ಹಾಕಿದ್ದೆ. ಒಂದು ಬರೀ ವೀರೊ, ಇನ್ನೊಂದು ಸ್ಲ್ಯಾಮ್ ಸೇರಿಸಿದ್ದು. ಸೋಮವಾರ ಸಂಜೆ ಹಾಕಿದೆ. ಬುಧವಾರ ಬೆಳಿಗ್ಗೆ ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ವೀರೊ ಫ್ಲಾಸ್ಕಿನಲ್ಲಿ ಕೋಶಗಳು ಕಲ್ಲು ಹಾಸಿದ ಅಂಗಳದ ಹಾಗೆ ಒಂದಕ್ಕೊಂದು ಅಂಟಿ ನೆಮ್ಮದಿಯಾಗಿ ಕೂತಿದ್ದವು. ಇನ್ನೊಂದರಲ್ಲಿ ಆ ಅಂಗಳದ ಅಲ್ಲಲ್ಲಿ ಗಡಿಗಳೇ ಅಳಿಸಿಹೋಗಿದ್ದವು. ಹತ್ತು ಹನ್ನೆರಡು ಕೋಶಗಳು ಒಂದಾಗಿ ಕಲಸಿಕೊಂಡು ಒಂದು ದೊಡ್ಡ ಮುದ್ದೆಯಾಗಿದ್ದವು. ಅದರ ನಡುವೆ ಕೋಶಕೇಂದ್ರಗಳು ದ್ರಾಕ್ಷಿ ಗೊಂಚಲಿನ ಹಾಗೆ ಗುಂಪುಗೂಡಿದ್ದವು. ಇದಕ್ಕೆ ಸಿನ್ಸಿಷಿಯಂ ಅನ್ನುತ್ತಾರೆ. ಈ ಮನೆತನದ ವೈರಸ್‌ಗಳ ಸಹಿ ಇದು. ಗುರುವಾರದ ಹೊತ್ತಿಗೆ ಅಂಗಳದಲ್ಲಿ ತೂತುಗಳು ಬಿದ್ದಿದ್ದವು. ವೀರೊ ಫ್ಲಾಸ್ಕು ಆಗಲೂ ಹಾಗೇ ಇತ್ತು. ಆವತ್ತು ನನಗೆ ಹಿಂದಿನ ವರ್ಷಗಳಲ್ಲಿ 'ನೆಗೆಟಿವ್' ಅಂತ ಬರೆದು ಕಳಿಸಿದ ಸ್ಯಾಂಪಲ್‌ಗಳೆಲ್ಲ ನೆನಪಾದವು. ಎಷ್ಟೋ ಹಟ್ಟಿಗಳಿಂದ ಬಂದವು. ಅವುಗಳಲ್ಲಿ ಕೆಲವಾದರೂ ಜೀವಂತವಾಗಿದ್ದವು ಅಂತ ಇವತ್ತಿಗೂ ನಂಬುತ್ತೇನೆ.

ಬೇಗ ಬೆಳೆಯುವುದು ಒಂದು ಲಾಭ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಲಾಭ ಇನ್ನೊಂದಿದೆ. ವೀರೊದಲ್ಲಿ ನಾಲ್ಕೈದು ಸಲ ದಾಟಿಸಿ ಬೆಳೆಸಿದ ವೈರಸ್ ನಿಮ್ಮ ಕುರಿಯಲ್ಲಿದ್ದ ವೈರಸ್ ಅಲ್ಲ. ಕೋತಿ ಕೋಶಕ್ಕೆ ಒಗ್ಗಲು ಅದು ತನ್ನನ್ನೇ ತಿದ್ದಿಕೊಂಡಿರುತ್ತದೆ. ಸರಿಯಾದ ಬಾಗಿಲು ಕೊಟ್ಟರೆ ಅದು ತಿದ್ದಿಕೊಳ್ಳಬೇಕಾಗಿಲ್ಲ. ರೊಪ್ಪದಲ್ಲಿ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಕೈಗೆ ಸಿಗುತ್ತದೆ. ಈ ವರ್ಷದ ವೈರಸ್‌ಗೆ ನಮ್ಮ ಲಸಿಕೆಯ ರಕ್ಷಣೆ ಸಾಕಾಗುತ್ತದೆಯೇ ಅಂತ ನೋಡಬೇಕಾದರೆ ಇಂಥ ವೈರಸ್ಸೇ ಬೇಕು. ಲಸಿಕೆ ಹಾಕಿದ ಕುರಿಯ ರಕ್ತದ ಸೀರಂ ಜೊತೆ ಬೆರೆಸಿ, ಅದು ವೈರಸ್ಸನ್ನು ಕಟ್ಟಿಹಾಕುತ್ತದೆಯೇ ಅಂತ ನೋಡುವ ಪರೀಕ್ಷೆ ಇದೆ. ಪಿಸಿಆರ್‌ನಿಂದ ಸಿಕ್ಕ ಸತ್ತ ಎಳೆಯಿಂದ ಆ ಪರೀಕ್ಷೆ ಮಾಡಲು ಬರುವುದಿಲ್ಲ.

ಇಲ್ಲೇ ಒಂದು ಮಾತು ಹೇಳಬೇಕು. ಐಸೊಲೇಷನ್‌ಗೆ ಅಡ್ಡಿಯಾಗುವ ಆ 'ಒಗ್ಗಿಕೊಳ್ಳುವ' ಗುಣವೇ ಲಸಿಕೆಗೆ ದಾರಿ ಮಾಡಿತು. ವೈರಸ್ಸನ್ನು ವೀರೊದಲ್ಲಿ ಹತ್ತಾರು ಸಲ ದಾಟಿಸಿದರೆ ಅದು ಕೋತಿ ಕೋಶದಲ್ಲಿ ಬೆಳೆಯುವುದನ್ನು ಕಲಿತು ಕುರಿಗೆ ರೋಗ ಬರಿಸುವ ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮ ದೇಶದಲ್ಲಿ ಜಾಸ್ತಿ ಬಳಸುವ ಸುಂಗ್ರಿ-96 ಲಸಿಕೆ ಹೀಗೆ ಪಳಗಿಸಿದ ವೈರಸ್. ಹಿಮಾಚಲ ಪ್ರದೇಶದ ಸುಂಗ್ರಿ ಕಡೆಯ ಮೇಕೆಗಳಿಂದ ತೆಗೆದದ್ದು, ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯವರು ಮುಕ್ತೇಶ್ವರದಲ್ಲಿ ಲಸಿಕೆ ಮಾಡಿದ್ದು. ಹಾಗಾಗಿ ಲಸಿಕೆ ತಯಾರಿಕೆಗೆ ಸ್ಲ್ಯಾಮ್ ಕೋಶಗಳ ಅಗತ್ಯವೇ ಇಲ್ಲ. ಅವು ಇರುವುದು ರೋಗ ಹಿಡಿಯಲು.

ಅಪಾಯದ ಬಗ್ಗೆ ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ. ಜೀನ್ ಸೇರಿಸಿದ ಕೋಶ ಫ್ಲಾಸ್ಕಿನ ಹೊರಗೆ ಬದುಕುವುದಿಲ್ಲ. ಪೋಷಕ ದ್ರವ, ಸರಿಯಾದ ಶಾಖ, ಶುದ್ಧ ಗಾಳಿ ಇಲ್ಲದಿದ್ದರೆ ಸಾಯುತ್ತದೆ. ಆ ಕೋಶವನ್ನು ನಿಮ್ಮ ಕುರಿಗೆ ಯಾರೂ ಚುಚ್ಚುವುದಿಲ್ಲ. ವೈರಸ್ ಆ ಜೀನ್ ಅನ್ನು ಹೊತ್ತುಕೊಂಡು ಹೊರಗೆ ಬರುತ್ತದೆಯೇ? ಇಲ್ಲ. ಸ್ಲ್ಯಾಮ್ ಜೀನ್ ಇರುವುದು ಕೋಶದ ಡಿಎನ್‌ಎ ಒಳಗೆ. ಈ ವೈರಸ್‌ನದು ಆರ್‌ಎನ್‌ಎ, ಅದು ಕೋಶಕೇಂದ್ರದ ಹೊರಗೇ ತನ್ನ ಕೆಲಸ ಮುಗಿಸುತ್ತದೆ. ನಮ್ಮ ದೇಶದಲ್ಲಿ ಇಂಥ ಕೆಲಸಕ್ಕೆ 1989ರ ನಿಯಮಗಳಿವೆ. ಪ್ರತಿ ಸಂಸ್ಥೆಯಲ್ಲೂ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು. ನಿಜವಾಗಿ ಹುಷಾರಾಗಿ ಇರಬೇಕಾದದ್ದು ಬೆಳೆದ ವೈರಸ್ ಬಗ್ಗೆ. ಒಂದು ಫ್ಲಾಸ್ಕಿನಲ್ಲಿ ಕೋಟಿಗಟ್ಟಲೆ ಜೀವಂತ ವೈರಸ್ ಇರುತ್ತದೆ. ಅದನ್ನು ಬೀಗ, ಫಿಲ್ಟರ್, ತರಬೇತಿ ಎಲ್ಲ ಇರುವ ಜಾಗದಲ್ಲೇ ಇಡಬೇಕು. ಹಾಗಾಗಿ ಪ್ರತಿ ಜಿಲ್ಲೆಗೂ ವೈರಸ್ ಬೆಳೆಸುವ ಲ್ಯಾಬ್ ಕೊಡಿ ಅಂತ ಕೇಳುವವರ ಜೊತೆ ನಾನು ಇಲ್ಲ. ಪ್ರತಿ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಐಸ್, ಒಳ್ಳೆ ಡಬ್ಬಿ, ಸರಿಯಾದ ಟ್ಯೂಬು ಯಾವಾಗಲೂ ಇರಲಿ ಅಂತ ಕೇಳುವವನು ನಾನು.

ಈ ಕೋಶಗಳಿಗೂ ಮಿತಿ ಇದೆ, ಅದನ್ನೂ ಹೇಳಬೇಕು. ಬಹಳ ಸಲ ದಾಟಿಸಿದರೆ ಸೇರಿಸಿದ ಬಾಗಿಲು ಮಾಸುತ್ತಾ ಬರುತ್ತದೆ, ಆಗಾಗ ಪರೀಕ್ಷೆ ಮಾಡುತ್ತಿರಬೇಕು. ಇನ್ನೊಂದು, ಸ್ಲ್ಯಾಮ್ ಬಾಗಿಲು ಈ ಒಂದು ಮನೆತನಕ್ಕೆ ಮಾತ್ರ. ಕುರಿಯ ಬಾಯಿ ಹುಣ್ಣು, ಸಿಂಬಳ ಕಂಡ ತಕ್ಷಣ ಹಿರೇಬೇನೆ ಅಂತಲೇ ಅಲ್ಲ. ನೀಲಿ ನಾಲಿಗೆ ರೋಗದಲ್ಲೂ ಬಾಯಿ, ಮೂಗು ಹೀಗೇ ಆಗುತ್ತವೆ. ಅದರ ವೈರಸ್ ಬೇರೆ, ಅದಕ್ಕೆ ಕೀಟದ ಕೋಶ, ಕೋಳಿ ಮೊಟ್ಟೆ ಅಂತ ಬೇರೆಯೇ ದಾರಿ. ಕುರಿ ಸಿಡುಬಿಗೆ ಕುರಿಮರಿಯ ವೃಷಣದ ಕೋಶಗಳು ಚೆನ್ನಾಗಿ ಒಗ್ಗುತ್ತವೆ.

ನಿಮ್ಮ ಊರ ಕಡೆ ಅಮೃತಮಹಲ್ ಕಾವಲುಗಳಿವೆ, ಮ್ಯಾಸನಾಯಕರ ದೇವರ ಎತ್ತುಗಳಿವೆ. ಹಾಗಾಗಿ ದನಗಳ ಕಾಲುಬಾಯಿ ರೋಗದ ಬಗ್ಗೆಯೂ ಎರಡು ಮಾತು. ಅಲ್ಲಿ ಬಾಗಿಲಿನ ಕತೆ ಇನ್ನೂ ಮುಖ್ಯ. ಹಿರೇಬೇನೆ ವೈರಸ್‌ನಲ್ಲಿ ನಾಲ್ಕು ವಂಶಗಳಿದ್ದರೂ ಒಂದೇ ಲಸಿಕೆ ಎಲ್ಲಕ್ಕೂ ಸಾಕು. ಕಾಲುಬಾಯಿ ವೈರಸ್‌ನಲ್ಲಿ ಏಳು ಬಗೆ. ಒಂದರ ಲಸಿಕೆ ಇನ್ನೊಂದಕ್ಕೆ ತಾಗುವುದಿಲ್ಲ. ನಮ್ಮಲ್ಲಿ ಓ, ಎ, ಏಷ್ಯಾ-1 ಅನ್ನುವ ಮೂರಕ್ಕೆ ಸೇರಿಸಿ ಲಸಿಕೆ ಕೊಡುತ್ತಾರೆ. ಒಂದೇ ಬಗೆಯ ಒಳಗೂ ವೈರಸ್ ಬದಲಾಗುತ್ತಾ ಇರುತ್ತದೆ. ಹೊಲದಲ್ಲಿರುವ ವೈರಸ್‌ಗೂ ಬಾಟಲಿಯಲ್ಲಿರುವ ಲಸಿಕೆಗೂ ಹೊಂದುತ್ತದೆಯೇ ಅಂತ ನೋಡುತ್ತಲೇ ಇರಬೇಕು.

ಈ ವೈರಸ್ ದನದ ನಾಲಿಗೆ, ಗೊರಸಿನ ಸಂದಿನ ಚರ್ಮದಲ್ಲಿ ಒಳಗೆ ಹೋಗುವುದು ಆಲ್ಫಾ-ವಿ-ಬೀಟಾ-6 ಅನ್ನುವ ಇಂಟೆಗ್ರಿನ್ ಬಾಗಿಲಿನಿಂದ. ಲಸಿಕೆ ಕಾರ್ಖಾನೆಗಳಲ್ಲಿ ಬಳಸುವ ಹ್ಯಾಮ್‌ಸ್ಟರ್ ಮೂತ್ರಪಿಂಡದ ಬಿಎಚ್‌ಕೆ-21 ಕೋಶಗಳಲ್ಲಿ ಬೆಳೆಸಿದರೆ ಅದು ಆ ಬಾಗಿಲು ಬಿಟ್ಟು, ಕೋಶದ ಮೈಮೇಲಿನ ಹೆಪರಾನ್ ಸಲ್ಫೇಟ್ ಅನ್ನುವ ಸಕ್ಕರೆ ಸರಪಳಿ ಹಿಡಿದು ಒಳಗೆ ಹೋಗುವುದನ್ನು ಕಲಿಯುತ್ತದೆ. ಅದನ್ನು ಕಲಿಯಲು ತನ್ನ ಹೊರ ಕವಚವನ್ನೇ ಬದಲಿಸಿಕೊಳ್ಳುತ್ತದೆ. ಲಸಿಕೆ ಹೊಂದುತ್ತದೆಯೇ ಅಂತ ನೋಡಬೇಕಾದದ್ದೇ ಆ ಕವಚವನ್ನು! ಹಾಗಾಗಿ ಬಹಳ ಕಾಲ ಕರುವಿನ ಥೈರಾಯ್ಡ್ ಗ್ರಂಥಿಯಿಂದ ಆಗಾಗ ಹೊಸದಾಗಿ ತೆಗೆದ ಕೋಶಗಳನ್ನೇ ಶ್ರೇಷ್ಠ ಅನ್ನುತ್ತಿದ್ದರು. ಅದನ್ನು ಪ್ರತಿ ಸಲ ಹೊಂದಿಸುವುದು ಸಣ್ಣ ಕೆಲಸ ಅಲ್ಲ. 2013ರಲ್ಲಿ ಅಮೆರಿಕದ ಪ್ಲಮ್ ಐಲೆಂಡ್ ಪ್ರಯೋಗಾಲಯದವರು ದನದ ಆಲ್ಫಾ-ವಿ-ಬೀಟಾ-6 ಬಾಗಿಲು ಸೇರಿಸಿದ ಎಲ್‌ಎಫ್‌ಬಿಕೆ ಕೋಶಗಳನ್ನು ಪ್ರಕಟಿಸಿದರು. ಮೊದಲು ಅದನ್ನು ದನದ ಕೋಶ ಅಂತಲೇ ಬರೆದಿದ್ದರು. ಆಮೇಲೆ ನೋಡಿದರೆ ಮೂಲ ಕೋಶ ಹಂದಿಯದು. ತಿದ್ದುಪಡಿ ಹಾಕಿದರು. ಬಾಗಿಲು ದನದ್ದಾಗಿದ್ದರೆ ಮನೆ ಯಾರದಾದರೂ ವೈರಸ್ ಒಳಗೆ ಹೋಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ. ನಮ್ಮಲ್ಲಿ ಕಾಲುಬಾಯಿ ವೈರಸ್ ಕೆಲಸಕ್ಕೆ ಭುವನೇಶ್ವರದ ಹತ್ತಿರ ಅರುಗುಲ್‌ನಲ್ಲಿ ರಾಷ್ಟ್ರೀಯ ಸಂಸ್ಥೆಯೇ ಇದೆ.

ಈಗ ಬೀಜದ ಜೀವದ ವಿಷಯ. ಎಂಥ ಒಳ್ಳೆ ಕೋಶ ಇದ್ದರೂ ದಾರಿಯಲ್ಲಿ ಸತ್ತ ವೈರಸ್ಸನ್ನು ಅದು ಎಬ್ಬಿಸಲಾರದು. ಹಿರೇಬೇನೆ ವೈರಸ್ ಕುರಿಯ ಹೊರಗೆ ತುಂಬಾ ನಾಜೂಕು. 37 ಡಿಗ್ರಿ ಶಾಖದಲ್ಲಿ ಕೆಲವೇ ಗಂಟೆಗಳಲ್ಲಿ ಅರ್ಧ ಸತ್ತಿರುತ್ತದೆ. ಚಳ್ಳಕೆರೆಯ ಮಾರ್ಚ್ ಬಿಸಿಲಲ್ಲಿ ಬಸ್ಸಿನ ಡಿಕ್ಕಿಯೊಳಗೆ ಎಷ್ಟು ಶಾಖ ಇರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಒಮ್ಮೆ ನಮಗೆ ಒಂದೇ ವಾರದಲ್ಲಿ ಎರಡು ಸ್ಯಾಂಪಲ್ ಬಂದವು. ಒಂದು ದೊಡ್ಡ ಥರ್ಮೋಕೋಲ್ ಡಬ್ಬಿಯಲ್ಲಿ, ಸೀಲು ಲೇಬಲ್ಲು ಎಲ್ಲ ಸರಿಯಾಗಿ ಇತ್ತು. ಶುಕ್ರವಾರ ಸಂಜೆ ಕಳಿಸಿದ್ದು ಸೋಮವಾರ ಸಿಕ್ಕಿತು. ತೆಗೆದರೆ ಐಸ್ ಪೂರ್ತಿ ನೀರಾಗಿ ಟ್ಯೂಬು ಬೆಚ್ಚಗಿತ್ತು. ಇನ್ನೊಂದನ್ನು ಜಗಳೂರು ಕಡೆಯ ಕುರಿಗಾಹಿಯ ಮಗ ಸ್ಟೀಲಿನ ಟೀ ಫ್ಲಾಸ್ಕಿನಲ್ಲಿ ತಂದಿದ್ದ. ಡಾಕ್ಟರು ಕೊಟ್ಟ ಟ್ಯೂಬನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ, ಐಸ್ ಕ್ಯಾಂಡಿ ಅಂಗಡಿಯ ಐಸ್ ತುಂಬಿ, ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತಿದ್ದ. ಎರಡೂ ಪಿಸಿಆರ್ ಪಾಸಿಟಿವ್. ವೈರಸ್ ಬೆಳೆದದ್ದು ಟೀ ಫ್ಲಾಸ್ಕಿನದು ಮಾತ್ರ.

ಯಾವ ಕುರಿಯಿಂದ ತೆಗೆಯಬೇಕು ಅನ್ನುವುದರಲ್ಲೂ ಎಡವುತ್ತೇವೆ. ಡಾಕ್ಟರು ಬಂದಾಗ ಎಲ್ಲರೂ ತೋರಿಸುವುದು ಎದ್ದೇಳಲಾರದ, ಬಾಯೆಲ್ಲ ಹುಣ್ಣಾದ, ಭೇದಿಯಿಂದ ಸೊರಗಿದ ಕುರಿಯನ್ನು. ಕರುಳು ಚುರ್ ಅನ್ನುವುದು ಅದನ್ನು ನೋಡಿದಾಗಲೇ, ಸಹಜ. ಆದರೆ ಅಷ್ಟು ಹೊತ್ತಿಗೆ ಕುರಿಯ ಮೈ ವೈರಸ್ ವಿರುದ್ಧ ಪ್ರತಿಕಾಯ ಮಾಡಲು ಶುರು ಮಾಡಿರುತ್ತದೆ, ಅವು ಸ್ಯಾಂಪಲ್‌ನಲ್ಲೇ ವೈರಸ್ಸನ್ನು ಕಟ್ಟಿಹಾಕುತ್ತವೆ. ಬೆಳೆಸಲು ಬೇಕಾದ್ದು ಇವತ್ತೇ ಜ್ವರ ಬಂದ ಕುರಿ. ಮೇವು ಬಿಟ್ಟು ಮಂದೆಯ ಹಿಂದೆ ನಿಂತಿರುತ್ತದೆ, 40, 41 ಡಿಗ್ರಿ ಜ್ವರ, ಕಣ್ಣಲ್ಲಿ ಮೂಗಲ್ಲಿ ಇನ್ನೂ ತಿಳಿ ನೀರು. ಸಿಂಬಳ ಗಟ್ಟಿಯಾಗಿ ಮೂಗು ಕಟ್ಟುವ ಮೊದಲೇ ಆ ಕುರಿಯನ್ನು ಹಿಡಿದು ತೋರಿಸಿ. ಮಂದೆಯನ್ನು ದಿನಾ ನೋಡುವ ನಿಮ್ಮ ಕಣ್ಣಿಗೆ ಅದು ಬೀಳುವಷ್ಟು ಬೇಗ ಯಾವ ಡಾಕ್ಟರ ಕಣ್ಣಿಗೂ ಬೀಳುವುದಿಲ್ಲ. ಕಣ್ಣು ಮೂಗಿನ ಸ್ವಾಬ್ ಜೊತೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ರಕ್ತವನ್ನೂ ತೆಗೆಯಲು ಡಾಕ್ಟರಿಗೆ ನೆನಪಿಸಿ. ವೈರಸ್ ಇರುವುದು ಬಿಳಿಕಣಗಳಲ್ಲಿ ಅಂದೆನಲ್ಲ, ಅದಕ್ಕೆ. ಸತ್ತ ಮರಿಯಾದರೆ ಸತ್ತ ಕೆಲವೇ ಗಂಟೆಗಳಲ್ಲಿ ಗುಲ್ಮ, ಕರುಳಿನ ಹತ್ತಿರದ ಹಾಲ್ರಸ ಗಂಟು (ಲಿಂಫ್ ನೋಡ್) ತೆಗೆಯಬೇಕು. ಅದನ್ನು ಡಾಕ್ಟರೇ ಮಾಡಬೇಕು. ನೀವೇ ಕೊಯ್ದರೆ ರೋಗ ರೊಪ್ಪದ ತುಂಬ ಹರಡುತ್ತದೆ. ಫಾರ್ಮಲಿನ್‌ನಲ್ಲಿ ಹಾಕಿದರೆ ವೈರಸ್ ಸಾಯುತ್ತದೆ. ಮನೆಯ ಫ್ರಿಜ್ಜಿನ ಫ್ರೀಜರ್‌ನಲ್ಲೂ ಇಡಬೇಡಿ, ಹೆಪ್ಪುಗಟ್ಟಿ ಕರಗುವಾಗ ವೈರಸ್ ಹಾಳಾಗುತ್ತದೆ. ಐಸ್ ಮೇಲೆ ಇಟ್ಟು ಮರುದಿನದೊಳಗೆ ಮುಟ್ಟಿಸುವುದು ಎಲ್ಲಕ್ಕಿಂತ ಒಳ್ಳೆಯದು. ಶುಕ್ರವಾರ ಕಳಿಸಬೇಕಾಗಿ ಬಂದರೆ ಮೊದಲು ಲ್ಯಾಬ್‌ಗೆ ಫೋನ್ ಮಾಡಿ.

ನಿಮ್ಮ ಮಂದೆಯ ಮಟ್ಟಿಗೆ ಐಸೊಲೇಷನ್ ನೆಗೆಟಿವ್ ಬಂದದ್ದರಿಂದ ಏನೂ ನಷ್ಟ ಆಗಿಲ್ಲ. ಚಿಕಿತ್ಸೆ, ಲಸಿಕೆ, ಪಕ್ಕದ ಹಟ್ಟಿಯವರಿಗೆ ತಿಳಿಸುವುದು, ಎಲ್ಲಕ್ಕೂ ಪಿಸಿಆರ್ ಸಾಕು. ನಷ್ಟ ದೇಶದ ಲೆಕ್ಕಕ್ಕೆ. ಈ ರೋಗವನ್ನು ಮೊದಲು ವಿವರಿಸಿದ್ದು 1942ರಲ್ಲಿ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1987ರಲ್ಲಿ, ತಮಿಳುನಾಡಿನಲ್ಲಿ. 2015ರಲ್ಲಿ ಅದೇ ಐವರಿ ಕೋಸ್ಟ್‌ನ ಅಬಿಜಾನ್‌ನಲ್ಲಿ ಸೇರಿದ ದೇಶಗಳು 2030ರೊಳಗೆ ಇದನ್ನು ಭೂಮಿಯಿಂದಲೇ ಅಳಿಸಬೇಕು ಅಂತ ನಿರ್ಧರಿಸಿದವು. ದನಗಳ ದೊಡ್ಡರೋಗ 2011ರಲ್ಲಿ ಹೋಯಿತಲ್ಲ, ಹಾಗೇ. ಆ ಕೆಲಸಕ್ಕೆ ಯಾವ ಊರಿನ ವೈರಸ್ ಯಾವ ದಾರಿ ಹಿಡಿದು ಎಲ್ಲಿಗೆ ಹೋಯಿತು ಅನ್ನುವುದು ಬೇಕು. ಚಳ್ಳಕೆರೆಯಿಂದ ಭದ್ರಾ ಅಚ್ಚುಕಟ್ಟಿಗೆ ಹೋಗಿ ಹತ್ತಾರು ಮಂದೆಗಳ ಜೊತೆ ಒಂದೇ ಬಯಲಲ್ಲಿ ಇದ್ದು ಬಂದ ನಿಮ್ಮಂಥವರ ಮಂದೆಯ ವೈರಸ್ ಅದರಲ್ಲಿ ತುಂಬಾ ಬೆಲೆ ಬಾಳುತ್ತದೆ.

ಕೊನೆಯದಾಗಿ ಲಸಿಕೆ. ರೋಗ ಬಂದು ಗುಣವಾದ ಕುರಿಗಳಿಗೆ ಮತ್ತೆ ಈ ರೋಗ ಬರುವುದಿಲ್ಲ. ಅವುಗಳಿಗೆ ಆತುರ ಬೇಡ. ಏನೂ ಆಗದೆ ಉಳಿದವುಗಳಿಗೆ ಹಾಕಿಸಿ, ಆದರೆ ಜ್ವರ ಇರುವ ಕುರಿಗೆ ಹಾಕಿಸಬೇಡಿ. ಮಂದೆಯಲ್ಲಿ ರೋಗ ಇನ್ನೂ ಓಡಾಡುತ್ತಿದ್ದರೆ ಯಾವುದಕ್ಕೆ ಯಾವಾಗ ಅನ್ನುವುದನ್ನು ಡಾಕ್ಟರು ಮಂದೆ ನೋಡಿಯೇ ಹೇಳಬೇಕು. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತದೆ. ಲಸಿಕೆ ಬಾಟಲಿಯೂ ಐಸ್ ಮೇಲೇ ಬರಬೇಕು, ಬೆರೆಸಿದ ಮೇಲೆ ಬೇಗ ಹಾಕಿ ಮುಗಿಸಬೇಕು. ಅದರೊಳಗಿರುವುದೂ ಅದೇ ನಾಜೂಕು ವೈರಸ್. ಒಮ್ಮೆ ಸರಿಯಾಗಿ ಹಾಕಿಸಿದರೆ ಮೂರು ವರ್ಷಕ್ಕೆ ಮೋಸ ಇಲ್ಲ. ಹೊಸ ಮರಿಗಳಿಗೆ ತಾಯಿಯ ಗಿಣ್ಣು ಹಾಲಿನಿಂದ ಬಂದ ರಕ್ಷಣೆ ಮೊದಲ ಮೂರು ನಾಲ್ಕು ತಿಂಗಳು ಇರುತ್ತದೆ. ಅದು ಇರುವಾಗ ಹಾಕಿದರೆ ಲಸಿಕೆ ಹಿಡಿಯುವುದಿಲ್ಲ. ನಾಲ್ಕು ತಿಂಗಳು ತುಂಬಿದ ಮೇಲೆ ಹಾಕಿಸಿ. ಮುಂದಿನ ಸಲ ಗದ್ದೆ ಕಡೆ ಹೊರಡುವ ಕನಿಷ್ಠ ಮೂರು ವಾರ ಮೊದಲೇ ಇದೆಲ್ಲ ಮುಗಿದಿರಲಿ. ಸಂತೆಯಿಂದ ಹೊಸ ಮರಿ ತಂದರೆ ಎರಡು ಮೂರು ವಾರ ಬೇರೆ ರೊಪ್ಪದಲ್ಲಿ ಕಟ್ಟಿ.